ಗೇಟಿನೊಳಗಿನ ದನಿ

ಫೆಬ್ರವರಿ 9

ತಮ್ಮನಿಗೆ,

ಕಂಪನಿ ಕೊಟ್ಟ ಮಾತುಗಳು ಇವು. ದಿನಗೂಲಿ ಡ್ರೈವರುಗಳನ್ನು ಕಾಯಂ ಮಾಡುತ್ತೇವೆ ಅಂದರು, ಮಾಡಲಿಲ್ಲ. ವಾರಕ್ಕೊಂದು ರಜೆ ಅಂದರು, ಕೊಡಲಿಲ್ಲ. ಗುಡಿಸುವವರಿಗೆ ಕೈಗವಸು ಅಂದರು, ಒಂದು ಕೈಯದೂ ಬರಲಿಲ್ಲ. ಹೆಂಗಸರ ಶೌಚಾಲಯಕ್ಕೆ ಬಾಗಿಲು ಅಂದರು. ಬಾಗಿಲು ಬಂತು, ಚಿಲಕ ಬರಲಿಲ್ಲ. ಗಂಟಲು ವಾಸಿಯಾದ ಮೇಲೆ ಬಸ್ಸುಗಳ ಪ್ರಕಟಣೆ ಹೇಳುವ ಮೈಕಿನ ಕುರ್ಚಿ ನಿಮ್ಮದೇ ಎಂದು ನನಗೆ ಹೇಳಿದರು. ವಾಸಿಯಾಗಿ ಬಂದಾಗ ಕುರ್ಚಿಯೇ ಇರಲಿಲ್ಲ. ಅಲ್ಲೊಂದು ಟೇಪು ಯಂತ್ರವಿತ್ತು. ಯಂತ್ರದೊಳಗೆ ನಾನಿದ್ದೆ.

ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಬರೆಯುತ್ತೇನೆ. ನಮ್ಮ ಸಂಘ ಕೆಲಸ ನಿಲ್ಲಿಸಿ ವಾರವಾಯಿತು. ಬಸ್‌ ನಿಲ್ದಾಣದ ಗೇಟಿನ ಹೊರಗೆ ಕೂತಿದ್ದೇವೆ: ಡ್ರೈವರುಗಳು, ಕಂಡಕ್ಟರುಗಳು, ಗುಡಿಸುವವರು, ಲಗೇಜು ಕೊಠಡಿಯಿಂದ ನಾನು. ಒಳಗೆ ಎಲ್ಲಿಂದಲೋ ಕರೆತಂದವರು ನಾಲ್ಕಾರು ಬಸ್ಸು ಓಡಿಸುತ್ತಿದ್ದಾರೆ. ನಾವು ಇಲ್ಲಿ ಗಂಟಲು ಹರಿದುಕೊಂಡು 'ಹತ್ತಬೇಡಿ' ಅನ್ನುತ್ತೇವೆ. ಕಂಬದ ಮೇಲಿನ ಧ್ವನಿವರ್ಧಕದ ಹಾರ್ನಿನಿಂದ ನಾನೇ, ಬೆಣ್ಣೆಯಂಥ ದನಿಯಲ್ಲಿ, 'ಪ್ರಯಾಣಿಕರು ದಯವಿಟ್ಟು ಪ್ಲಾಟ್‌ಫಾರಂ ಐದಕ್ಕೆ ಬನ್ನಿ' ಅನ್ನುತ್ತೇನೆ. ಜನ ನನ್ನ ಮಾತೇ ಕೇಳುತ್ತಾರೆ. ಒಳಗಿನ ನನ್ನ ಮಾತು.

ನಿನ್ನೆ ಒಬ್ಬ ಡ್ರೈವರು, 'ಮೈಕಕ್ಕಾ, ಹೊರಗೆ ಕೂತು ಮುಷ್ಕರಾನೂ ಮಾಡ್ತೀರ, ಒಳಗೆ ಕೂತು ಡ್ಯೂಟಿನೂ ಮಾಡ್ತೀರ. ಎರಡು ಕಡೆ ಹಾಜರಿ ಹಾಕಿಸ್ಕೊಂಡೋರು ನೀವೊಬ್ರೇ ನೋಡಿ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಮುಖ ಎಲ್ಲಿಡಬೇಕೋ ತಿಳಿಯದೆ ಚಪ್ಪಲಿಯ ಉಂಗುಷ್ಟ ಸರಿಮಾಡುತ್ತ ಕೂತೆ.

ಇವತ್ತು ಬೆಳಿಗ್ಗೆ ಹಾರ್ನು ಹೊಸದೊಂದು ಹೇಳಿತು. 'ಎಲ್ಲ ಸಿಬ್ಬಂದಿ ಮರಳಿ ಬಂದಿದ್ದಾರೆ. ಬಸ್ಸುಗಳು ಎಂದಿನಂತೆ ಹೊರಡುತ್ತವೆ.' ಈ ಮಾತನ್ನು ನಾನು ಹುಟ್ಟಿದ ಮೇಲೆ ಆಡಿಲ್ಲ. ಯಾರೋ ಟೇಪು ಕತ್ತರಿಸಿ ಅಂಟಿಸಿದ್ದಾರೆ. 'ಮರಳಿ' ಎಂಬುದು 'ಕಳೆದ ವಸ್ತುಗಳನ್ನು ಮರಳಿ ಪಡೆಯಲು' ಅಂದೆನಲ್ಲ, ಅಲ್ಲಿಯದು. 'ಬಂದಿದ್ದಾರೆ' ಎಂಬುದು ತಪ್ಪಿಸಿಕೊಂಡ ಮಗುವಿನ ತಾಯಿ ಬಂದಿದ್ದಾರೆ ಅಂದಲ್ಲಿಯದು. ಆ ತಾಯಿಯನ್ನು ತಂದು ನಮ್ಮ ಹೊಟ್ಟೆಯ ಮೇಲೆ ನಿಲ್ಲಿಸಿದ್ದಾರೆ.

'ಎಲ್ಲ' ಅನ್ನುವುದಕ್ಕೆ ಮುಂಚೆ ನನ್ನದೊಂದು ಉಸಿರಿದೆ. ಬೇರೆ ಯಾರೇ ಅಂಟಿಸಿದ್ದರೂ ಉಸಿರನ್ನು ಕತ್ತರಿಸಿ ಬಿಸಾಡುತ್ತಿದ್ದರು. ಉಸಿರಿಲ್ಲದೆ ಮಾತು ಹೆಣದ ಹಾಗೆ ಕೇಳುತ್ತದೆ ಎಂದು ಅದನ್ನು ಉಳಿಸುವ ಒಬ್ಬನನ್ನೇ ನಾನು ಕಂಡಿದ್ದೇನೆ.

ನೀನೇ ಮಾಡಿದೆಯಾ? ಪಕ್ಕದ ಅಂಗಡಿಗೆ ಫೋನು ಮಾಡಬೇಡ. ನನ್ನ ದನಿ ಕೇಳಿ ಕೇಳಿ ನನಗೇ ಸಾಕಾಗಿದೆ. ಬರಿ.

ನಿನ್ನ ಅಕ್ಕ

*

ಫೆಬ್ರವರಿ 17

ಅಕ್ಕನಿಗೆ,

ನಾನೇ.

ಕಂಪನಿಯ ಆಳು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತ. ನನ್ನ ರೆಕಾರ್ಡಿಂಗ್ ಕೋಣೆ ನಿನಗೆ ಗೊತ್ತಲ್ಲ, ಎರಡನೆಯವನು ಒಳಗೆ ಬಂದರೆ ಮೊದಲನೆಯವನು ಉಸಿರು ಹಿಡಿಯಬೇಕು. ಗೋಡೆಗೆ ಹೊಡೆದ ಹಳೆ ರಜಾಯಿಗಳು ಹರಿದು ಹತ್ತಿ ಜೋಲುತ್ತಿದೆ. ಅವನು ಅದನ್ನೆಲ್ಲ ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳ ತೆಗೆದು ಓಡಿಸಬಹುದಿತ್ತು. ಚೀಟಿ ಕೊಟ್ಟು, 'ಇಷ್ಟು ಮಾತು ಬೇಕು, ಟೇಪು ಹೇಗೂ ನಮ್ಮದಲ್ವಾ' ಅಂದ. ನಾನು ಹೂಂ ಅಂದೆ.

ಟೇಪು ಅವರದೇ ಅಂದುಕೊಂಡಿದ್ದೆ ಅಕ್ಕ. ನಾನೇನು, ಹೇಳಿದ ಅಳತೆಗೆ ಮರ ಕೊಯ್ಯುವ ಬಡಗಿಯ ಹಾಗೆ. ಮಂಚದಲ್ಲಿ ಯಾರು ಮಲಗುತ್ತಾರೆ ಎಂದು ಬಡಗಿ ಕೇಳುತ್ತಾನಾ? ಹೀಗೆ ನನಗೆ ನಾನೇ ಹೇಳಿಕೊಂಡೆ. ಬ್ಲೇಡು ಕೈಗೆ ತೆಗೆದುಕೊಂಡ ಮೇಲೆ ಈ ಮಾತು ನನಗೇ ಸುಳ್ಳೆನಿಸಿತು. ಆದರೂ ಕೈ ನಿಲ್ಲಲಿಲ್ಲ. ಅಂಟು ಕಾಣದ ಹಾಗೆ ಅಂಟಿಸಿದೆ. ಮುಗಿದ ಮೇಲೆ ಕೇಳಿ, ಚೆನ್ನಾಗಿ ಬಂದಿದೆ ಅನ್ನಿಸಿತು. ಅದೇ ಎಲ್ಲಕ್ಕಿಂತ ನಾಚಿಕೆ.

ಉಸಿರನ್ನು ಬೇಕೆಂದೇ ಉಳಿಸಿದೆನೋ, ಅಭ್ಯಾಸಬಲದಿಂದಲೋ, ಆಣೆ ಮಾಡಿ ಹೇಳಲಾರೆ. ನೀನು ಕಂಡುಹಿಡಿದದ್ದು ಒಳ್ಳೆಯದಾಯಿತು.

ಆದರೂ ಒಂದು ಕೇಳುತ್ತೇನೆ. ದನಿ ನಿನ್ನದು. ನಿನ್ನ ಗಂಟಲಿಂದ ಬಂದದ್ದು. ಗೇಟಿನಲ್ಲಿ ಕೂತು ಅಳುವ ಬದಲು ಒಳಗೆ ಹೋಗಿ, ನನ್ನದು ನನಗೆ ಕೊಡಿ ಎಂದು ಕೇಳಬಾರದೇಕೆ?

ನಿನ್ನ ತಮ್ಮ

*

ಫೆಬ್ರವರಿ 26

ತಮ್ಮನಿಗೆ,

ನಾನು ಅಳುತ್ತಿದ್ದೇನೆ ಎಂದು ನಿನಗೆ ಯಾರು ಹೇಳಿದರು?

ಕೇಳಿದ್ದೇವೆ. ಸಂಘದ ಕಾರ್ಯದರ್ಶಿಯನ್ನು ನೀನು ಬಲ್ಲೆ, ಹಳೆ ಕಂಡಕ್ಟರು. ಕೆಲಸದಿಂದ ತೆಗೆದರೂ ಕೊರಳಿನ ಸೀಟಿ ತೆಗೆಯದವನು, ಅದಕ್ಕೇ ಎಲ್ಲರಿಗೂ ಸೀಟಿಯಣ್ಣ. ಅವನು ನನ್ನನ್ನು ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದ. ಆಕೆಯ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿದೆ. ಕೆಳಗೆ ಟ್ಯೂಬಿಗೆ ಗಾಳಿ ತುಂಬುತ್ತಿದ್ದರೆ ಮೇಲೆ ಆಕೆ ನನ್ನ ಗಾಳಿ ತೆಗೆದಳು.

'ದನಿ ನಿಮ್ಮದು, ನಿಜ. ಟೇಪಿಗೆ ಇಳಿದ ದನಿಯ ಹಕ್ಕು ಬೇರೆ ಮಾತು' ಅಂದಳು. ಮಾತು ಆಡಿದ ಮಾತ್ರಕ್ಕೆ ಯಾರೂ ಧ್ವನಿಮುದ್ರಣದ ಒಡೆಯರಾಗುವುದಿಲ್ಲವಂತೆ. ಯಂತ್ರದ ಗುಂಡಿ ಒತ್ತಿದವರೂ ಅಲ್ಲವಂತೆ. ಮುದ್ರಣ ಆಗಲಿ ಎಂದು ಯಾರು ಮುಂದಾದರೋ, ಯಾರು ಹೊಣೆ ಹೊತ್ತು ಮಾಡಿಸಿದರೋ, ಅವರದು. ಕಂಪನಿ ಅಪ್ಪಣೆ ಮಾಡಿ, ನಾನು ಕೆಲಸದ ಭಾಗವಾಗಿ ಓದಿದ್ದರೆ, ಕಂಪನಿಯದು.

ಸೀಟಿಯಣ್ಣ ಬೆಂಚಿನಿಂದ ಅರ್ಧ ಎದ್ದ. 'ಅಂದ್ರೆ ಬಾಯಿ ನಮ್ದು, ಬಾಯಿಂದ ಬಂದಿದ್ದು ಅವ್ರದು. ಈ ಕಾನೂನು ಬರೆದೋನಿಗೆ ಬಾಯಿ ಇತ್ತೋ ಇಲ್ವೋ?'

'ಬಾಯಿ ಇತ್ತು, ಗಲ್ಲಾಪೆಟ್ಟಿಗೆನೂ ಇತ್ತು. ಕೂತ್ಕೊಳ್ಳಿ' ಅಂದಳು ವಕೀಲೆ. ಆಮೇಲೆ ನನ್ನ ಕಡೆ ತಿರುಗಿ, 'ಯಾರು ಮುಂದಾಗಿ ಮಾಡಿಸಿದ್ದು ಇದನ್ನ?' ಅಂದಳು.

ಕಂಪನಿ ಮಾಡಿಸಿತು ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ನನ್ನನ್ನು ಲಗೇಜು ಕೊಠಡಿಗೆ ಹಾಕಿದ ದಿನ ಹೇಳಿದ್ದು. ಅಂದು ಕೋಪದಲ್ಲಿ ಹಾಗೆ ಬಂದುಬಿಟ್ಟಿತು. ಆಮೇಲೆ ಜನ ಹೇಳಿ ಹೇಳಿ ಅದೇ ನಿಜವಾಯಿತು. ಈಗ ಅದು ನಮ್ಮ ಕರಪತ್ರದ ತಲೆಬರಹ. 'ದನಿ ಕದ್ದ ಕಂಪನಿ. ಕಾಯಿಲೆಯ ಹೆಂಗಸನ್ನು ಒತ್ತಾಯದಿಂದ ಓದಿಸಿ, ಮುದ್ರಿಸಿ, ಹೊರಗೆ ತಳ್ಳಿದರು.' ಊರ ಗೋಡೆಗಳ ಮೇಲೆಲ್ಲ ನಾನು ಕಳುವಾಗಿದ್ದೇನೆ.

ಆದ್ದರಿಂದ ನೀನು ಒಂದು ಕೆಲಸ ಮಾಡು. ಬಂದು, ನಾನೇ ಮುಂದಾಗಿ ಮಾಡಿದ್ದು ಎಂದು ಹೇಳು. ನನ್ನ ಕೋಣೆ, ನನ್ನ ಯಂತ್ರ, ನನ್ನ ಇಚ್ಛೆ ಅನ್ನು. ಒಡೆಯ ನೀನಾಗು. ಆಮೇಲೆ ಕಂಪನಿಗೆ ನಿಲ್ಲಿಸು ಅನ್ನು. ಅಂಟಿಸಿದ ಪಾಪವೂ ಕಳೆಯುತ್ತದೆ.

ಅಕ್ಕ

*

ಮಾರ್ಚ್ 8

ಅಕ್ಕನಿಗೆ,

ನನ್ನ ಪಾಪ ತೊಳೆಯುವ ನೀರು ಇಷ್ಟು ಕೊಳಕಾಗಿದ್ದರೆ ಹೇಗೆ?

ನಿನ್ನ ಕಾಗದ ಬಂದ ಮೇಲೆ ಮೂಲ ಟೇಪು ಹಾಕಿ ಕೇಳಿದೆ. ಅವರಿಗೆ ಕೊಟ್ಟದ್ದು ಅದರ ಪ್ರತಿ, ಪ್ರಕಟಣೆಗಳು ಮಾತ್ರ. ಮೂಲದಲ್ಲಿ ಎಲ್ಲವೂ ಇದೆ. ನೀನು ಕುರ್ಚಿ ಎಳೆದದ್ದು, ನೀರು ಕುಡಿದದ್ದು, ನನ್ನನ್ನು ಬೈದದ್ದು. 'ಏ, ಇನ್ನೊಂದ್ಸಲ ತೆಗಿ, ಐದು ಅನ್ನೋದು ಸರಿಯಾಗಿ ಬರಲಿಲ್ಲ' ಅನ್ನುತ್ತೀಯ. 'ಇದನ್ನ ಮಾಡಿಸ್ತಿರೋಳು ನಾನು, ನಾನು ಹೇಳಿದ ಹಾಗೆ ಮಾಡು. ಕಂಪನಿಯವ್ರಿಗೆ ನಾನೇ ಕೊಡ್ತೀನಿ, ನಾನು ರಜೆ ಮುಗಿಸಿ ಬರೋ ತನಕ ಇಟ್ಕೊಳ್ಳಲಿ, ಬಂದ ದಿನ ವಾಪಸ್ ಇಸ್ಕೊಂಡ್‌ಬಿಡೋಣ' ಅನ್ನುತ್ತೀಯ. ಕಂಪನಿಗೆ ಆಗ ಇದು ಗೊತ್ತೇ ಇರಲಿಲ್ಲ. ಅದೂ ಆ ಟೇಪಿನಲ್ಲಿ ಇದೆ. 'ನೋಡಿ ಬೆಚ್ಚಿಬೀಳ್ತಾರೆ' ಎಂದು ನಗುತ್ತೀಯ.

ಅದರ ನಂತರ ನೀನು ಆಡಿದ ಇನ್ನೊಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದ್ದರೆ ನೆನಪಿದೆ.

ಈ ವಾರ ಕಂಪನಿಯ ಮ್ಯಾನೇಜರೇ ಬಂದಿದ್ದರು. ರಜಾಯಿಗೆ ಬೆನ್ನು ತಾಗದ ಹಾಗೆ ಕೋಟು ಹಿಡಿದುಕೊಂಡು ನಿಂತು, 'ಕಂಪನಿ ಹೇಳಿದ್ದಕ್ಕೇ ಮುದ್ರಿಸಿದೆ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು, ಕಂಪನಿಯ ಜಾಹೀರಾತೆಲ್ಲ ನಿಮ್ಮ ಕೋಣೆಯಲ್ಲೇ' ಅಂದರು. ಆಲೋಚಿಸಿ ಹೇಳುತ್ತೇನೆ ಅಂದೆ. ಆಗಲ್ಲ ಅನ್ನಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಲೋಕದಲ್ಲಿ ಒಂದು ವಸ್ತುವಿಗೆ ಇಬ್ಬರು ನನ್ನದು ನನ್ನದು ಎಂದು ಕಿತ್ತಾಡುತ್ತಾರೆ. ಇಲ್ಲಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ನಿನ್ನದು ನಿನ್ನದು ಎಂದು ತಳ್ಳಾಡುತ್ತಿದ್ದೇವೆ. ನಾನು ಒಡೆಯನಲ್ಲ ಅಕ್ಕ. ಒಡತಿ ನೀನು.

ಅದು ಬೇಡವಾದರೆ ಒಂದೇ ದಾರಿ. ಮೂಲ ಟೇಪು ಅಳಿಸಿಬಿಡುತ್ತೇನೆ. ಆಮೇಲೆ ನೀನು ಹೇಳಿದ್ದೇ ನಿಜ. ಹೂಂ ಅನ್ನು.

ತಮ್ಮ

*

ಮಾರ್ಚ್ 12

ಅಳಿಸು.

ಅಕ್ಕ

*

ಮಾರ್ಚ್ 21

ತಮ್ಮನಿಗೆ,

ಅಳಿಸಿದೆಯಾ? ನಿನ್ನಿಂದ ಒಂದು ಸಾಲೂ ಇಲ್ಲ. ಅಳಿಸಿದ್ದರೆ ಈ ಕಾಗದವನ್ನು ಹರಿದು ಹಾಕು. ಅಳಿಸಿಲ್ಲದಿದ್ದರೆ ಪೂರ್ತಿ ಓದು.

ನೀನು ಬರೆಯದೆ ಬಿಟ್ಟ ಮಾತು ನನಗೆ ನೆನಪಿದೆ. ನಾನೇ ಬರೆಯುತ್ತೇನೆ. ನೀರು ಕುಡಿದು, ಲೋಟ ಕೆಳಗಿಟ್ಟು, ನಾನು ಅಂದದ್ದು ಇದು: 'ಆ ಹುಡುಗಿಗೆ ಮಾತ್ರ ಸೀಟು ಸಿಗಬಾರದು ಕಣೋ. ಒಂದು ದಿನ ಕೂತ್ರೆ ಅವಳು ಏಳೋದಿಲ್ಲ.'

ಯಾವ ಹುಡುಗಿ ಎಂದು ನೀನು ಅಂದು ಕೇಳಲಿಲ್ಲ. ನಿಲ್ದಾಣದ ಕಾಯುವ ಕೋಣೆಯಲ್ಲಿ ನೀರಿನ ಹೂಜಿ ತುಂಬುತ್ತಿದ್ದ ಹುಡುಗಿ. ನಾನು ರಜೆ ಹಾಕಿದರೆ ಮೈಕು ಅವಳಿಗೆ ಎಂದು ಮಾತಾಗಿತ್ತು. ದಿನವೂ ನನ್ನ ಕಿಟಕಿಯ ಕೆಳಗೆ ನಿಂತು, ನಾನು ಹೇಳಿದ್ದನ್ನೆಲ್ಲ ಮೆಲ್ಲಗೆ ತಾನೂ ಹೇಳಿಕೊಳ್ಳುತ್ತಿದ್ದಳು. ಪುಟ್ಟಮೈಕು ಎಂದು ಎಲ್ಲರೂ ಕರೆಯುತ್ತಿದ್ದರು. ನಾನೂ ಕರೆಯುತ್ತಿದ್ದೆ, ನಗುನಗುತ್ತ. ನನ್ನ ಟೇಪು ಬಂದ ಮೇಲೆ ಅವಳು ಬೇಕಾಗಲಿಲ್ಲ. ಈಗ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ.

ಕಂಪನಿ ನನ್ನ ಕುರ್ಚಿ ತೆಗೆಯಿತು, ನಿಜ. ಆದರೆ ಆ ಕುರ್ಚಿ ಖಾಲಿಯಿದ್ದರೂ ಕೆಲಸ ನಡೆಯುತ್ತದೆ ಎಂದು ಅವರಿಗೆ ಕಲಿಸಿಕೊಟ್ಟವಳು ನಾನು.

ಮೊನ್ನೆ ಗೇಟಿನ ಮುಂದೆ ಸಭೆ. ಕರಪತ್ರ ಓದಲು ಯಾರಾದರೂ ಬೇಕಿತ್ತು. ನನ್ನ ದನಿ ಬೇಡ ಎಂದು ನಾನೇ ಅಂದಿದ್ದೆ. ಒಳಗೂ ಅದೇ ಹೊರಗೂ ಅದೇ ಆದರೆ ಜನ ನಗುತ್ತಾರೆ. ಸೀಟಿಯಣ್ಣ ಆ ಹುಡುಗಿಯನ್ನೇ ಕರೆಸಿದ್ದ. ಒಂದು ಹೊತ್ತಿನ ಇಸ್ತ್ರಿ ಬಿಟ್ಟು ಬಂದಿದ್ದಳು. ಬೆರಳ ತುದಿಗಳು ಸುಟ್ಟು ಹೊಳೆಯುತ್ತಿದ್ದವು. ಮೈಕು ಹಿಡಿದು ಓದಿದಳು. 'ದನಿ ಕದ್ದ ಕಂಪನಿ.' ಬಸ್ಸು ಹತ್ತಲು ಹೊರಟವರು ನಿಂತರು ಕಣೋ. ಮೊದಲ ಸಲ ನಿಂತರು. ಹಾರ್ನಿನಲ್ಲಿ ನಾನು ಬನ್ನಿ ಬನ್ನಿ ಅನ್ನುತ್ತಲೇ ಇದ್ದೆ, ಯಾರೂ ಕದಲಲಿಲ್ಲ. ಅವಳ ದನಿ ನನ್ನದಕ್ಕಿಂತ ಚೆನ್ನಾಗಿದೆ. ಆಗಲೂ ಚೆನ್ನಾಗಿತ್ತು. ಅದಕ್ಕೇ ತಾನೆ.

ಓದಿ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. 'ಅಕ್ಕಾ, ನಿಮಗೆ ಹಿಂಗೆ ಮಾಡಿಬಿಟ್ರಲ್ಲ' ಅಂದಳು. ಕೈ ಬಿಸಿಯಿತ್ತು. ಬಿಡಿಸಿಕೊಳ್ಳಲಾಗಲಿಲ್ಲ. ನೆಲ ಬಾಯಿ ಬಿಡಲಿ ಅನ್ನುತ್ತಾರಲ್ಲ, ಡಾಂಬರು ನೆಲ, ಅದೂ ಬಿಡಲಿಲ್ಲ.

ಮರುದಿನ ವಕೀಲೆ ಕರೆಸಿದಳು. ಕಂಪನಿಯಿಂದ ಉತ್ತರ ಬಂದಿದೆ. ಅದಕ್ಕೆ ಅವರು ಲಗತ್ತಿಸಿದ ಒಂದೇ ಒಂದು ಸಾಕ್ಷಿ ಏನು ಗೊತ್ತಾ? ನಮ್ಮ ಕರಪತ್ರ. 'ಕಂಪನಿಯೇ ಓದಿಸಿ ಮುದ್ರಿಸಿತು ಎಂದು ಸಂಘವೇ ಒಪ್ಪಿದೆ. ಆದ್ದರಿಂದ ಮುದ್ರಣದ ಒಡೆತನ ಕಂಪನಿಯದು.' ವಕೀಲೆ ಅದನ್ನು ಓದಿ ಮೇಜಿನ ಮೇಲಿಟ್ಟು, 'ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರ' ಅಂದಳು. ಸೀಟಿಯಣ್ಣನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಕಳ್ಳತನದ ಕಥೆ ಹೇಳಿ ಕಳ್ಳನಿಗೇ ಮನೆ ಬರೆದುಕೊಟ್ಟವಳು ನಾನು.

ಇಷ್ಟೇ ವಿಷಯ. ನಾನು ಸುಳ್ಳು ಉಳಿಸಿಕೊಂಡರೆ ಮಾನ ಉಳಿಯುತ್ತದೆ, ಹಾರ್ನು ಕೂಗುತ್ತಲೇ ಇರುತ್ತದೆ, ಒಂದೊಂದೇ ಮನೆಯವರು ಸುಸ್ತಾಗಿ ಕೆಲಸಕ್ಕೆ ಮರಳುತ್ತಾರೆ. ಈಗಾಗಲೇ ಇಬ್ಬರು ಹಿಂದಿನ ಬಾಗಿಲಿನಿಂದ ಹೋಗಿದ್ದಾರೆ, ನನ್ನ ದನಿ ನಂಬಿ. ಎಲ್ಲರೂ ಬಂದಿದ್ದಾರೆ ಎಂದು ನಾನೇ ಹೇಳಿದೆನಲ್ಲ. ನಾನು ನಿಜ ಹೇಳಿದರೆ ಹಾರ್ನಿನ ಬಾಯಿ ಮುಚ್ಚಿಸುವ ಹಕ್ಕು ನನಗೆ ಬರುತ್ತದೆ. ಆಮೇಲೆ ಈ ಗೇಟಿನ ಮುಂದೆ ನನ್ನ ಪಕ್ಕ ಯಾರು ಕೂರುತ್ತಾರೋ ಗೊತ್ತಿಲ್ಲ.

ಅಳಿಸಿದ್ದರೆ ಹೇಳು. ಅಳಿಸಿಲ್ಲದಿದ್ದರೆ ಅಳಿಸಬೇಡ.

ಅಕ್ಕ

*

ಮಾರ್ಚ್ 28

ಅಕ್ಕನಿಗೆ,

ಅಳಿಸಿಲ್ಲ.

ನಿನ್ನ ಒಂದೇ ಶಬ್ದದ ಕಾಗದ ಬಂದಾಗ ಟೇಪು ಯಂತ್ರಕ್ಕೆ ಹಾಕಿದೆ. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಧರ್ಮಬುದ್ಧಿ ಅಂದುಕೊಳ್ಳಬೇಡ. ಅದರಲ್ಲಿ ಗಂಟಲಿನ ಆಪರೇಷನ್ನಿಗೆ ಮುಂಚಿನ ನಿನ್ನ ನಗು ಇದೆ, ಅಳಿಸಿದರೆ ಅದೂ ಹೋಗುತ್ತದೆ. ಈಗ ನೀನು ಹಾಗೆ ನಗುವುದಿಲ್ಲ. ಅಷ್ಟಕ್ಕೇ ಬಿಟ್ಟೆ. ನಿನಗೆ ಬರೆಯಲು ನಾಚಿಕೆಯಾಗಿ ಸುಮ್ಮನಿದ್ದೆ.

ಮ್ಯಾನೇಜರಿಗೆ ಆಗಲ್ಲ ಎಂದು ಹೇಳಿ ಕಳಿಸಿದ್ದೇನೆ. ತಡವಾಯಿತು.

ಈಗ ನನ್ನ ಕಸುಬಿನ ಮಾತು. ನೀನು ಮಾಡಿಸಿದ್ದು ಎಂಬುದಕ್ಕೆ ಬೇಕಾದ ಮಾತುಗಳು ಮೊದಲಿಗೆ ಇವೆ. ಆ ಹುಡುಗಿಯ ಮಾತು ಆಮೇಲೆ. ನಡುವೆ ನೀನು ನೀರು ಕುಡಿಯುತ್ತೀಯ. ಆ ಗುಟುಕಿನಲ್ಲಿ ಕತ್ತರಿಸಿ, ಮುಂದಿನ ಪ್ರಕಟಣೆಗೆ ಅಂಟಿಸಿದರೆ ದೇವರಿಗೂ ತಿಳಿಯುವುದಿಲ್ಲ. ನಿನಗೂ ತಿಳಿಯದ ಹಾಗೆ ಮಾಡಬಲ್ಲೆ. ಈ ಸಲ ಉಸಿರನ್ನೂ ಉಳಿಸುವುದಿಲ್ಲ.

ಮಾಡಲಾ? ಒಂದು ಸಲ ಕಂಪನಿಗಾಗಿ ಕತ್ತರಿಸಿದ್ದೇನೆ. ನಿನಗಾಗಿ ಒಂದು ಸಲ.

ತಮ್ಮ

*

ಏಪ್ರಿಲ್ 4

ತಮ್ಮನಿಗೆ,

ಬೇಡ.

ಬೇಡ ಎಂದು ಬರೆಯಲು ನಾಲ್ಕು ದಿನ ಹಿಡಿಯಿತು. ಆಸೆ ಆಗಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಅಂಟಿಸಿದ ಮಾತಾಗುತ್ತದೆ. ವಕೀಲೆಯನ್ನೇ ಸುತ್ತುಬಳಸಿ ಕೇಳಿದೆ. 'ಟೇಪು ಕೊಟ್ರೆ ಇಡೀ ಟೇಪು ಕೊಡ್ಬೇಕು. ಒಂದು ಕಡೆ ಅಂಟು ಸಿಕ್ಕಿದ್ರೆ ಎಲ್ಲವೂ ಅಂಟಿಸಿದ್ದೇ ಅಂತಾರೆ' ಅಂದಳು. ಕಾನೂನಿಗಾಗಿಯೇ ಬೇಡ ಅಂದುಕೊಳ್ಳೋಣ ಅನ್ನಿಸಿತು. ಆಮೇಲೆ, ಕಾನೂನು ಒಪ್ಪಿದರೂ ಬೇಡ ಅನ್ನಿಸಿತು.

ಮೊದಲು ಸೀಟಿಯಣ್ಣನಿಗೆ ಹೇಳಿದೆ. ಟೆಂಟಿನಲ್ಲಿ ಕರಪತ್ರದ ಕಟ್ಟಿನ ಮೇಲೆಯೇ ಕೂತಿದ್ದ. ಪೂರ್ತಿ ಕೇಳಿ, ಎದ್ದು, ತಾನು ಕೂತಿದ್ದ ಕಟ್ಟನ್ನೇ ನೋಡಿದ. 'ಮೈಕಕ್ಕಾ, ಇದನ್ನ ಗೋಡೆಗೆ ಹಚ್ಚೋಕೆ ಎಷ್ಟು ಜನ ಪೆಟ್ಟು ತಿಂದ್ರು ಗೊತ್ತಾ?' ಅಂದ. ಗೊತ್ತು ಅಂದೆ. 'ಗೊತ್ತಿದ್ದೂ ನೋಡ್ತಾ ಇದ್ರಾ?' ಅಂದ. ಹೌದು ಅಂದೆ. ಸೀಟಿ ಬಾಯಿಗಿಟ್ಟುಕೊಂಡ, ಊದಲಿಲ್ಲ. ಹೊರಗೆ ಹೋದ. ಸಂಜೆ ಬಂದು, ನನ್ನ ಮುಖ ನೋಡದೆ, 'ಮುಷ್ಕರ ನಿಮ್ಮೊಬ್ಬರ ಗಂಟಲಿಂದಲ್ಲ. ಚಿಲಕ ಇನ್ನೂ ಬಂದಿಲ್ಲ, ಕೈಗವಸೂ ಬಂದಿಲ್ಲ. ಕೂತ್ಕೊಳ್ಳಿ' ಅಂದ. ಕೂತೆ. ಅವನು ಸಾಮಾನ್ಯವಾಗಿ ನನ್ನ ಪಕ್ಕ ಕೂರುತ್ತಾನೆ. ಅವತ್ತು ಆ ಕಡೆಯ ತುದಿಯಲ್ಲಿ ಕೂತ.

ಮರುದಿನ ಇಸ್ತ್ರಿ ಬಂಡಿಯ ಹತ್ತಿರ ಹೋದೆ. ಅವಳು ಆಸ್ಪತ್ರೆಯ ಬಿಳಿ ಕೋಟು ಹರಡಿಕೊಂಡಿದ್ದಳು. 'ಬನ್ನಿ ಅಕ್ಕಾ' ಎಂದು ಸ್ಟೂಲು ಮುಂದೆ ತಳ್ಳಿದಳು. ನಿಂತೇ ಹೇಳಿದೆ. ಯಾರು ಮಾಡಿಸಿದ್ದು, ಏಕೆ ಮಾಡಿಸಿದ್ದು, ಅವಳ ಬಗ್ಗೆ ಏನು ಅಂದದ್ದು. ಅಂದ ಮಾತನ್ನು ಅಂದ ಹಾಗೆಯೇ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಕೋಟಿನ ತೋಳು ಮುಗಿಸಿದಳು, ಕಾಲರು ಮುಗಿಸಿದಳು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಸ್ಟೂಲನ್ನು ಬಂಡಿಯ ಕೆಳಗೆ ಮತ್ತೆ ಎಳೆದುಕೊಂಡಳು.

'ನಾನು ನಿಮ್ಮ ಕಿಟಕಿ ಕೆಳಗೆ ನಿಂತು ಕಲ್ತಿದ್ದು' ಅಂದಳು.

ಗೊತ್ತು ಅಂದೆ.

'ಆ ಮಾತು ಟೇಪಲ್ಲಿ ಇದೆಯಾ?'

ಇದೆ ಅಂದೆ.

'ನಾನು ಕೇಳ್ಬೇಕು. ಎಲ್ಲರ ಜೊತೆ ನಿಂತು ಕೇಳ್ತೀನಿ. ಆಮೇಲೆ ನಿಮ್ಮ ಜೊತೆ ಮಾತಾಡ್ಬೇಕೋ ಬೇಡ್ವೋ ನೋಡ್ತೀನಿ.' ಮುಂದಿನ ಕೋಟು ತೆಗೆದುಕೊಂಡಳು. ನಾನು ಹೊರಡಲು ತಿರುಗಿದೆ. ಅವಳು ತಲೆಯೆತ್ತಲಿಲ್ಲ. ಇಸ್ತ್ರಿ ಮಾಡುತ್ತಲೇ, ತನಗೆ ತಾನೇ ಎಂಬಂತೆ, 'ಪ್ಲಾಟ್‌ಫಾರಂ ಐದು' ಅಂದಳು. ಐದು ಎಂಬುದು ಸರಿಯಾಗಿ ಬಂತು.

ಹೊಸ ಕರಪತ್ರ ಬರೆದಿದ್ದೇವೆ. ಕದ್ದ ಎಂಬ ಮಾತು ಅದರಲ್ಲಿಲ್ಲ. 'ಈ ದನಿಯ ಮುದ್ರಣ ನನ್ನದು. ನಾನೇ ಮಾಡಿಸಿದ್ದು, ನನ್ನ ಸ್ವಾರ್ಥಕ್ಕೆ ಮಾಡಿಸಿದ್ದು. ರಜೆ ಮುಗಿಯುವ ತನಕ ಕೊಟ್ಟಿದ್ದೆ, ರಜೆ ಎಂದೋ ಮುಗಿದಿದೆ. ಕಾರ್ಮಿಕರ ವಿರುದ್ಧ ಇದನ್ನು ನುಡಿಸಲು ನನ್ನ ಒಪ್ಪಿಗೆ ಇಲ್ಲ. ನಿಲ್ಲಿಸಿ.' ಇಷ್ಟೇ. ಸ್ವಾರ್ಥಕ್ಕೆ ಎಂಬ ಮಾತು ಕಾನೂನಿಗೆ ಬೇಕಿಲ್ಲ ಎಂದು ವಕೀಲೆ ಹೊಡೆದು ಹಾಕಿದ್ದಳು. ನಾನು ಮತ್ತೆ ಸೇರಿಸಿದೆ. ನ್ಯಾಯಾಲಯಕ್ಕೆ ಹೋಗುವ ಅರ್ಜಿಯಲ್ಲಿ ಅದಿಲ್ಲ, ಗೋಡೆಯ ಮೇಲೆ ಇರುತ್ತದೆ. ಕಂಪನಿಯ ಸ್ವಾರ್ಥ ನನ್ನದಕ್ಕಿಂತ ಸಾವಿರ ಪಾಲು ದೊಡ್ಡದು, ಅದನ್ನು ಒಂದು ದಿನವೂ ಬಿಡುವುದಿಲ್ಲ. ಆದರೆ ಅವರ ಕೊಳೆಯಲ್ಲಿ ನನ್ನದನ್ನು ಅಡಗಿಸಿಟ್ಟು ಸಾಕಾಗಿದೆ.

ಗೆಲ್ಲುತ್ತೇವೋ ಇಲ್ಲವೋ ತಿಳಿಯದು. ಹೊಣೆ ಹೊತ್ತವರದು ಹಕ್ಕು ಎಂದು ವಕೀಲೆ ಅಂದಾಗ ಅದು ಕಂಪನಿಗಳಿಗಾಗಿ ಬರೆದ ಮಾತು ಅನ್ನಿಸಿತ್ತು. ಈಗ ಹೊಣೆ ಎಂಬ ಅರ್ಧ ನನ್ನ ಪಾಲಿಗೆ ಬಂದಿದೆ. ಹಕ್ಕು ಎಂಬ ಅರ್ಧ ಬರುವ ತನಕ ಇದನ್ನು ಹೊರುತ್ತೇನೆ.

ನೀನು ಬರಬೇಕು. ಯಂತ್ರ ತಾ, ಮೂಲ ಟೇಪು ತಾ. ಗೇಟಿನ ಮುಂದೆ, ಎಲ್ಲರೆದುರು, ಮೊದಲಿನಿಂದ ಕೊನೆಯ ತನಕ ಹಾಕಬೇಕು. ನೀರು ಕುಡಿದದ್ದು, ಬೈದದ್ದು, ನಕ್ಕದ್ದು, ಆ ಮಾತು, ಎಲ್ಲ. ಅಂಟಿಸಿದವನು ನೀನು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಅದನ್ನು ಹೇಳುವುದು ನಿನ್ನ ಕೆಲಸ. ಡ್ರೈವರುಗಳು ನಿನ್ನನ್ನು ಸುಮ್ಮನೆ ಬಿಡುತ್ತಾರೆ ಎಂದು ಮಾತು ಕೊಡಲಾರೆ. ನನ್ನ ಪಕ್ಕ ಜಾಗವಿದೆ, ಈಗ ಬೇಕಾದಷ್ಟು.

ಬ್ಲೇಡು ಮನೆಯಲ್ಲೇ ಬಿಟ್ಟು ಬಾ.

ನಿನ್ನ ಅಕ್ಕ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.